ಮಕ್ಕಳ ಓದಿಗೆ ಹಾಸನದಲ್ಲಿ ಮನೆ ಮಾಡೋದಾ, ತೋಟದಲ್ಲೇ ಇರೋದಾ?

ಪ್ರಶ್ನೆ: ನಮಸ್ತೆ ಸರ್, ನಮ್ದು ಸಕಲೇಶಪುರ ತಾಲೂಕು, ಹಾನುಬಾಳು ಕಡೆ ಸಣ್ಣ ಕಾಫಿ ತೋಟ ಇದೆ. ಮಗಳು ಪಕ್ಕದೂರಿನ ಸರ್ಕಾರಿ ಶಾಲೇಲಿ ಮೂರನೇ ಕ್ಲಾಸ್, ಮಗ ಇನ್ನೂ ಅಂಗನವಾಡಿ. ನಮ್ ಓರಗಿತ್ತಿ ಮಕ್ಕಳನ್ನ ಕರ್ಕೊಂಡು ಹಾಸನದಲ್ಲಿ ಮನೆ ಮಾಡಿದಾರೆ, ಆ ಮಕ್ಕಳು ಈಗ ಇಂಗ್ಲಿಷಲ್ಲಿ ಪಟಪಟ ಅಂತ ಮಾತಾಡೋದು ನೋಡಿ ಮನೇಲಿ ಎಲ್ರೂ ನೀನೂ ಹೋಗು ಅಂತಿದಾರೆ. ಯಜಮಾನ್ರು ತೋಟ ಬಿಟ್ಟು ಬರೋ ಹಾಗಿಲ್ಲ, ಅತ್ತೆಗೆ ಮಂಡಿ ನೋವು. ಕಾಫಿಗೆ ಒಳ್ಳೆ ರೇಟ್ ಸಿಕ್ಕಿದೆ, ಶಾಲೆ ಹತ್ರಾನೇ ಒಂದು ಸೈಟ್ ತಗೊಂಡ್ಬಿಡೋಣ ಅಂತಾರೆ. ಜೂನ್ ಒಳಗೆ ತೀರ್ಮಾನ ಆಗ್ಬೇಕು. ಹಾಸನದಲ್ಲಿ ಯಾವ ಏರಿಯಾ ಒಳ್ಳೇದು?
- ಒಬ್ಬ ತಾಯಿ, ಸಕಲೇಶಪುರ ತಾಲೂಕು

ಉತ್ತರ: ಏರಿಯಾ ಆಮೇಲೆ ಹೇಳ್ತೀನಮ್ಮ, ಮೊದ್ಲು ಈ ಜೂನಲ್ಲೇ ಹೋಗ್ಬೇಕಾ ಅನ್ನೋದು ನೋಡೋಣ. ನನ್ನ ಕೇಳಿದ್ರೆ ಬೇಡ. ಮಗಳು ಐದನೇ ಕ್ಲಾಸ್ ಮುಗಿಸ್ಲಿ, ಆರಕ್ಕೆ ಯೋಚನೆ ಮಾಡಿ.

ಯಾಕೆ ಅಂದ್ರೆ, ನಿಮ್ ಮಗಳು ಒಂದರಿಂದ ಮೂರರವರ್ಗೂ ಓದಿರೋದು ನಲಿ-ಕಲಿ. ಕಾರ್ಡು, ಕಲಿಕಾ ಏಣಿ, ಗುಂಪಲ್ಲಿ ಕೂತು ತನ್ನ ವೇಗದಲ್ಲಿ ಮುಂದಕ್ಕೆ ಹೋಗೋದು, ಇದೇ ಅವಳಿಗೆ ಗೊತ್ತಿರೋ ಶಾಲೆ. ನಾಲ್ಕಕ್ಕೆ ಬಂದಾಗ ಪಾಠ, ಪ್ರಶ್ನೋತ್ತರ, ಸಾಲಾಗಿ ಬೆಂಚು, ಎಲ್ರಿಗೂ ಒಂದೇ ಪಾಠ ಒಂದೇ ದಿನ. ಹಳ್ಳಿ ಶಾಲೇಲೇ ಇದ್ರೂ ಈ ಬದಲಾವಣೆಗೆ ಮಕ್ಕಳು ಸ್ವಲ್ಪ ದಿನ ತಡವರಿಸ್ತಾರೆ. ಅದೇ ಜೂನಲ್ಲಿ ಮೀಡಿಯಮ್ಮೂ ಬದಲಾಗಿ, ಊರೂ ಬದಲಾಗಿ, ಅಪ್ಪನೂ ಅಜ್ಜಿಯೂ ಮನೇಲಿಲ್ಲ ಅಂದ್ರೆ ಒಂಬತ್ತು ವರ್ಷದ ಮಗು ಮೇಲೆ ಎಲ್ಲಾ ಒಟ್ಟಿಗೆ ಬೀಳುತ್ತೆ. ಗಣಿತದಲ್ಲಿ ಚೆನ್ನಾಗಿದ್ದ ಮಕ್ಕಳು ಲೆಕ್ಕ ಬರದೆ ಅಲ್ಲ, ಪ್ರಶ್ನೆ ಇಂಗ್ಲಿಷಲ್ಲಿ ಅರ್ಥ ಆಗದೆ ಹಿಂದೆ ಬಿದ್ದು, ಕೊನೆಗೆ ದಡ್ಡಿ ಅಂತ ಹೆಸ್ರು ತಗೊಂಡಿದ್ದನ್ನ ಶಿಕ್ಷಣ ಇಲಾಖೇಲಿದ್ದಾಗ ತುಂಬಾ ನೋಡಿದೀನಿ, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಎರಡನೇದು ಯಾರೂ ನಿಮಗೆ ಹೇಳಿರಲ್ಲ. ನವೋದಯ ಅಂದ್ರೆ ಕೇಂದ್ರ ಸರ್ಕಾರದ ವಸತಿ ಶಾಲೆ, ಅಲ್ಲಿ ಆರನೇ ಕ್ಲಾಸಿಗೆ ಸೇರೋ ಪರೀಕ್ಷೆ ಐದನೇ ಕ್ಲಾಸಲ್ಲಿ ಓದ್ತಿರುವಾಗ ಬರೆಯೋದು, ಕನ್ನಡದಲ್ಲೇ ಬರೀಬಹುದು, ನಮ್ ಜಿಲ್ಲೆ ನವೋದಯ ಮಾವಿನಕೆರೆಯಲ್ಲಿದೆ. ಸೀಟು 80, ಅದ್ರಲ್ಲಿ ಕಡಿಮೆ ಅಂದ್ರೂ 75 ಪರ್ಸೆಂಟ್ ಹಳ್ಳಿ ಮಕ್ಕಳಿಗೆ. ಆದ್ರೆ ಆ ಲೆಕ್ಕಕ್ಕೆ ಬರ್ಬೇಕು ಅಂದ್ರೆ ಮೂರು, ನಾಲ್ಕು, ಐದು ಪೂರ್ತಿ ಹಳ್ಳಿ ಶಾಲೇಲೇ ಓದಿರ್ಬೇಕು, ಮಧ್ಯದಲ್ಲಿ ಒಂದೇ ಒಂದು ದಿನ ಟೌನ್ ಶಾಲೇಲಿ ಓದಿದ್ರೂ ಅರ್ಬನ್ ಅಂತ ಹಾಕ್ತಾರೆ. ಮಗಳು ಮೂರನೇದು ಆಗ್ಲೇ ಮುಗಿಸ್ತಿದಾಳೆ, ಇನ್ನೆರಡು ವರ್ಷ ಇದ್ರೆ ಆ ಬಾಗಿಲು ತೆರ್ದೇ ಇರುತ್ತೆ. ಹೆಣ್ಣುಮಕ್ಕಳಿಗೆ ಅಲ್ಲಿ ಫೀಸೂ ಇಲ್ಲ, ಊಟ ಹಾಸ್ಟೆಲ್ ಎಲ್ಲಾ ಅವ್ರದ್ದೇ. ಸೀಟು ಸಿಗದೇ ಇರ್ಬಹುದು, ರಾಜ್ಯ ಸರ್ಕಾರದ ಮೊರಾರ್ಜಿ ವಸತಿ ಶಾಲೆ ಎಂಟ್ರೆನ್ಸೂ ಅದೇ ವರ್ಷಾನೇ ಬರುತ್ತೆ, ಎರಡೂ ಬರೆಸಿ.

ಇನ್ನೂ ದೂರದ್ದು ಅಂದ್ರೆ ಪಿಯುಸಿ ಆದ್ಮೇಲೆ ಎಂಜಿನಿಯರಿಂಗ್ ಥರದ ಕೋರ್ಸಿಗೆ ಬರೆಯೋ ಸಿಇಟಿ. ಅಲ್ಲಿ ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮೀಡಿಯಂ ಕೋಟಾ 5 ಪರ್ಸೆಂಟ್, ರಾಜ್ಯ ಸರ್ಕಾರಿ ಕೆಲಸದಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 25 ಪರ್ಸೆಂಟ್ ಮೀಸಲಾತಿ. ಇವಕ್ಕೆ ಒಂದರಿಂದ ಹತ್ತು, ಹತ್ತೂ ವರ್ಷ ಆ ರೀತಿನೇ ಓದಿರ್ಬೇಕು. ಇಲ್ಲಿ ಒಂದು ವಿಷ್ಯ ಗಮನ ಇಟ್ಟು ಕೇಳಿ, ಗ್ರಾಮೀಣ ಅನ್ನೋದಕ್ಕೆ ಮನೆ ಎಲ್ಲಿದೆ ಅಂತ ನೋಡಲ್ಲ, ಶಾಲೆ ಎಲ್ಲಿದೆ ಅಂತ ನೋಡ್ತಾರೆ. ನೀವು ಹಾಸನದ ಮಧ್ಯದಲ್ಲಿದ್ದು ಮಗು ಗ್ರಾಮ ಪಂಚಾಯ್ತಿ ವ್ಯಾಪ್ತಿಯ ಶಾಲೆಗೆ ಹೋದ್ರೆ ಅದು ಗ್ರಾಮೀಣ, ತೋಟದಲ್ಲೇ ಇದ್ದು ದಿನಾ ವ್ಯಾನಲ್ಲಿ ಸಕಲೇಶಪುರ ಟೌನ್ ಶಾಲೆಗೆ ಹೋದ್ರೆ ಅದು ಪಟ್ಟಣ. ಇಂಗ್ಲಿಷ್ ಮೀಡಿಯಂ ಆದ್ರೂ ಗ್ರಾಮೀಣಕ್ಕೆ ಅಡ್ಡಿ ಇಲ್ಲ. ಹಾಸನದ ಎಲ್ಲೆ ಬೆಳೀತಾ ಇರೋದ್ರಿಂದ ಸಿಟಿ ಹೊರಗಿನ ಶಾಲೆ ನೋಡುವಾಗ ಇದು ಪಂಚಾಯ್ತಿನಾ, ಪಾಲಿಕೆನಾ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಕೇಳಿ. ಸರ್ಟಿಫಿಕೇಟಿಗೆ ಕೊನೆಗೆ ಸೈನ್ ಹಾಕೋದೂ ಅವ್ರೇ.

ಸರ್ಕಾರಿ ಶಾಲೆ ಅಂದ್ರೆ ಮಗು ಹಾಳಾಯ್ತು ಅನ್ಕೋಬೇಡಿ. 2019ರ ಎಸ್ಸೆಸ್ಸೆಲ್ಸಿಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಫಸ್ಟ್ ಬಂತಲ್ಲ, ಅದು ಸಿಟಿ ಶಾಲೆಗಳಿಂದ ಮಾತ್ರ ಬಂದಿದ್ದಲ್ಲ.

ಆದ್ರೆ ಎರಡು ಕಡೆ ನನ್ನ ಮಾತು ಬದಲಾಗುತ್ತೆ. ನಿಮ್ ಶಾಲೇಲಿ ಇಡೀ ಐದು ಕ್ಲಾಸಿಗೆ ಒಬ್ರೇ ಟೀಚರ್ ಇದ್ದು, ಅವ್ರೂ ಮೀಟಿಂಗು ಸರ್ವೆ ಅಂತ ಓಡಾಡ್ತಿದ್ರೆ ಅಲ್ಲಿ ಇಡ್ಬೇಡಿ, ಹತ್ರದಲ್ಲಿ ಕರ್ನಾಟಕ ಪಬ್ಲಿಕ್ ಸ್ಕೂಲ್ ಅಥವಾ ಟೀಚರ್ ಪೂರ್ತಿ ಇರೋ ಬೇರೆ ಹಳ್ಳಿ ಶಾಲೆ ನೋಡಿ, ಗ್ರಾಮೀಣ ಲೆಕ್ಕ ಹಾಗೇ ಉಳಿಯುತ್ತೆ. ಇನ್ನೊಂದು ಆನೆ. ನಿಮ್ ಕಡೆ ತೋಟದ ದಾರೀಲಿ ಬೆಳಿಗ್ಗೆ ಮಗು ನಡ್ಕೊಂಡು ಹೋಗ್ಬೇಕು ಅಂದ್ರೆ ಅದು ಯಾವ ಕೋಟಾಕ್ಕಿಂತಲೂ ದೊಡ್ಡ ವಿಷ್ಯ. ಅಕ್ಕಪಕ್ಕದ ಮನೆಯವ್ರು ಸೇರಿ ಒಂದು ಜೀಪ್ ಗೊತ್ತು ಮಾಡಿ, ಆಗಲ್ಲ ಅಂದ್ರೆ ಮನೆ ಬದಲಾಯಿಸೋದೇ ಸರಿ, ಆಗ ಮುಂದೆ ಹೇಳಿದ್ದೆಲ್ಲಾ ಈಗ್ಲೇ ನೋಡ್ಕೊಳ್ಳಿ.

ಆರನೇ ಕ್ಲಾಸಿಗೆ ಹಾಸನ ಅಂತಾದ್ರೆ ಸೈಟ್ ಬೇಡ, ಬಾಡಿಗೆ ಮನೆ. ಶಾಲೆ ಹಿಡಿಸ್ಲಿಲ್ಲ ಅಂದ್ರೆ ಬಾಡಿಗೆ ಮನೆ ಬಿಡ್ಬಹುದು, ಸೈಟ್ ತಗೊಂಡವ್ರು ಮಗು ಅಳ್ತಿದ್ರೂ ಅದೇ ಶಾಲೇಲೇ ಉಳಿಸ್ತಾರೆ. ಕುವೆಂಪುನಗರ, ವಿದ್ಯಾನಗರ, ಹೇಮಾವತಿನಗರ ಎಲ್ಲಾ ಒಳ್ಳೆ ಏರಿಯಾನೇ, ಖಾಸಗಿ ಶಾಲೆಗೆ ನಿಮ್ ಅಡ್ರೆಸ್ ಮುಖ್ಯ ಅಲ್ಲ, ಹಾಗಾಗಿ ಶಾಲೆ ಮೊದ್ಲು ಗೊತ್ತು ಮಾಡಿ, ಆಮೇಲೆ ಅಲ್ಲಿಗೆ ನಡೆದು ಹೋಗೋ ದೂರದಲ್ಲಿ ಮನೆ ಹುಡುಕಿ. ಯಜಮಾನ್ರು ಬಂದು ಹೋಗೋದಕ್ಕೆ ಬಿ.ಎಂ. ರೋಡಿಗೆ ಹತ್ರ ಇದ್ರೆ ಅನುಕೂಲ, ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್ ಅಷ್ಟೇ ಆದ್ರೂ ಕೊಯ್ಲು ಟೈಮಲ್ಲಿ ವಾರಕ್ಕೊಂದ್ಸಲ ಬರೋದೂ ಕಷ್ಟ ಆಗುತ್ತೆ. ನವೆಂಬರಿಂದ ಫೆಬ್ರವರಿವರ್ಗೂ ಮನೆ ನಿಮ್ಮೊಬ್ಬರ ಮೇಲೇ, ಅತ್ತೆ ಜೊತೆ ಯಾರಿರ್ತಾರೆ ಅನ್ನೋದನ್ನ ಈಗ್ಲೇ ಕೂತು ಮಾತಾಡಿ. ಮನೆ ನೋಡೋದಕ್ಕೆ ಏಪ್ರಿಲ್‌ನಲ್ಲಿ ಹೋಗ್ಬೇಡಿ, ಹಿಂದಿನ ವರ್ಷದ ಜುಲೈನಲ್ಲಿ ಬೆಳಿಗ್ಗೆ ಎಂಟೂವರೆಗೆ ಮಳೇಲಿ ಹೋಗಿ ಶಾಲೆ ಗೇಟ್ ಹತ್ರ ನಿಂತ್ಕೊಳ್ಳಿ, ಆಟೋಲಿ ಎಷ್ಟು ಮಕ್ಕಳನ್ನ ತುರುಕ್ತಾರೆ, ರೋಡ್ ಯಾರು ದಾಟಿಸ್ತಾರೆ, ಗೊತ್ತಾಗುತ್ತೆ.

ಶಾಲೆ ಒಳಗೆ ಹೋದಾಗ ಸ್ಮಾರ್ಟ್ ಬೋರ್ಡ್ ತೋರಿಸ್ತಾರೆ, ನೋಡಿ ಬಿಡಿ. ಯಾವುದಾದ್ರೂ ಆರನೇ ಕ್ಲಾಸ್ ಮಗುವಿನ ಸೈನ್ಸ್ ನೋಟ್ಸ್ ಕೇಳಿ ಇಸ್ಕೊಳ್ಳಿ. ಪುಟ ಪುಟಕ್ಕೂ ಬರೀ ಟಿಕ್ ಇದೆಯಾ, ಇಲ್ಲ ತಪ್ಪಿನ ಕೆಳಗೆ ಕೆಂಪು ಪೆನ್ನಲ್ಲಿ ಸರಿ ಬರ್ದಿದಾರಾ? ಮೂರು ಮಕ್ಕಳ ನೋಟ್ಸಲ್ಲಿ ಉತ್ತರ ಅಕ್ಷರಕ್ಕಕ್ಷರ ಒಂದೇ ಇದ್ರೆ ಅಲ್ಲಿ ಬೋರ್ಡ್ ನೋಡಿ ಕಾಪಿ ಮಾಡಿಸ್ತಾರೆ ಅಂತಾನೇ ಅರ್ಥ. ಸಿಬಿಎಸ್‌ಇ ಅಂತ ಬೋರ್ಡ್ ಹಾಕಿದ್ರೆ ಅಫಿಲಿಯೇಷನ್ ನಂಬರ್ ಕೇಳಿ, ಎಷ್ಟನೇ ಕ್ಲಾಸ್‌ವರ್ಗೂ ಸಿಕ್ಕಿದೆ ಅಂತಲೂ ಕೇಳಿ. ಸ್ಟೇಟ್ ಸಿಲಬಸ್ಸಿಂದ ಸಿಬಿಎಸ್‌ಇಗೆ ಹೋಗೋದಿದ್ರೆ ಒಂಬತ್ತರ ಒಳಗೇ ಹೋಗ್ಬೇಕು, ಹತ್ತಕ್ಕೆ ನೇರ ಅಡ್ಮಿಷನ್ ಇಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ ಉಚಿತ) ಸೀಟ್ ಸಿಗುತ್ತೆ ಅಂತ ವಾರ್ಡ್ ನೋಡಿ ಮನೆ ಮಾಡೋ ಕಾಲ 2019ಕ್ಕೇ ಮುಗೀತು, ಅಕ್ಕಪಕ್ಕ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೇಲಿ ಆ ಸೀಟ್ ಇಲ್ಲ.

ಓರಗಿತ್ತಿ ಮಕ್ಕಳ ಇಂಗ್ಲಿಷಿಗೆ ಬೇಜಾರಾಗ್ಬೇಡಿ. ದಿನಾ ಅರ್ಧ ಗಂಟೆ ಮಗಳ ಜೊತೆ ಕೂತು ಇಂಗ್ಲಿಷ್ ಕಥೆ ಪುಸ್ತಕ ಜೋರಾಗಿ ಓದ್ಸಿ, ಆರಕ್ಕೆ ಬರೋವಷ್ಟ್ರಲ್ಲಿ ಸಾಕಷ್ಟು ಬರುತ್ತೆ.

ಮಗನ ವಿಷ್ಯಕ್ಕೆ ಅವಸರ ಇಲ್ಲ, ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರ್ಬೇಕು ಅನ್ನೋ ನಿಯಮ ಇದೆ, ಜನನ ಪ್ರಮಾಣಪತ್ರ ತೆಗೆದು ಲೆಕ್ಕ ಹಾಕ್ಕೊಳ್ಳಿ. ಆ ಪತ್ರ ತೆಗೆದಾಗ್ಲೇ ಇಬ್ರು ಮಕ್ಕಳ ಹೆಸ್ರು, ಇನಿಶಿಯಲ್ಲು ಆಧಾರ್‌ನಲ್ಲೂ ಶಾಲೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲೂ ಒಂದೇ ಥರ ಇದೆಯಾ ನೋಡಿ, ತಪ್ಪಿದ್ರೆ ಈಗ ಓದ್ತಿರೋ ಶಾಲೆ ಹೆಡ್‌ಮಾಸ್ಟರ್ ಹತ್ರಾನೇ ಸರಿ ಮಾಡಿಸ್ಕೊಳ್ಳಿ, ಟಿಸಿ ತಗೊಂಡ ಮೇಲೆ ತಿದ್ದಿಸೋದಕ್ಕೆ ಎರಡು ಊರಿಗೂ ಅಲೀಬೇಕಾಗುತ್ತೆ.