ಹೂಮಳೆ ಬಂತು, ಬ್ಯಾಕಿಂಗ್ ಎಲ್ಲಿ?

(ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ: ‘ಒಂಬತ್ತು ವರ್ಷದಿಂದ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ರಾತ್ರಿ ಹೊತ್ತು ಫೇಸ್‌ಬುಕ್‌ನಲ್ಲಿ ಬರೆಯುತ್ತೇನೆ, ಅದನ್ನೇ ಓದಿ ಯೂಟ್ಯೂಬಿಗೂ ಹಾಕುತ್ತೇನೆ. ಲೈನ್ ಮನೆಗಳ (ತೋಟದ ಕೆಲಸದವರ ಸಾಲುಮನೆಗಳು) ಬಗ್ಗೆ ಬರೆದದ್ದು ಎರಡು ಲಕ್ಷ ಜನರಿಗೆ ಮುಟ್ಟಿತು. ಈಗ 11 ಸಾವಿರ ಫಾಲೋವರ್ಸ್ ಇದ್ದಾರೆ. ಯುಗಾದಿಗೆ ಕೆಲಸ ಬಿಟ್ಟು ಬರವಣಿಗೆಯಲ್ಲೇ ಬದುಕಬೇಕು ಅಂತಿದ್ದೇನೆ. ಮನೆಯಲ್ಲಿ ಒಪ್ಪುತ್ತಿಲ್ಲ. ನೀವೇನಂತೀರಿ?’)

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಮನೆಯವರ ಕಡೆ. ಆದರೆ ನನ್ನ ಕಾರಣ ಬೇರೆ.

ಘಟ್ಟದ ಆಚೆಯವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ತೋಟದಲ್ಲಿ ಹಾಜರಿ ಬರೆದು ಲೆಕ್ಕ ಇಡುವವರಿಗೆ ‘ರೈಟರ್’ ಅಂತಲೇ ಹೆಸರು. ಅಂದರೆ ನೀವು ಈಗಾಗಲೇ ತಿಂಗಳ ಸಂಬಳದ ರೈಟರ್. ಕನ್ನಡದಲ್ಲಿ ಅಂಥವರು ಎಷ್ಟು ಜನ ಸಿಕ್ಕಾರು?

ತಮಾಷೆ ಇರಲಿ. ನಮ್ಮ ಹಾಸನ, ಚಿಕ್ಕಮಗಳೂರನ್ನೇ ನೋಡಿ. ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆದರು. ಸಂತೇಶಿವರದ ಭೈರಪ್ಪ ಮೇಷ್ಟ್ರಾಗಿದ್ದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಹಾಸನದ ಬಾನು ಮುಷ್ತಾಕ್ ವಕೀಲರು. ಆ ಬಹುಮಾನದ 50 ಸಾವಿರ ಪೌಂಡಿನಲ್ಲೂ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರ ಪಾಲು. ಪೆನ್ನನ್ನೇ ನಂಬಿ ಬದುಕಿದವರು ಅಂದರೆ ನನಗೆ ನೆನಪಾಗುವುದು ಅ.ನ.ಕೃ. ಆ ಹೆಸರಿನ ಮೊದಲ ‘ಅ’ ನಮ್ಮ ಅರಕಲಗೂಡು. ಹಾಗೆ ಬದುಕಲು ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ನಿಮ್ಮಿಂದ ಆಗುತ್ತದಾ? ನನ್ನಿಂದಂತೂ ಇಲ್ಲ.

ಇನ್ನು ದುಡ್ಡಿನ ಲೆಕ್ಕ. ಯೂಟ್ಯೂಬಿನಲ್ಲಿ 14 ತಿಂಗಳಿಗೆ 41 ಡಾಲರ್ ಆಗಿದೆ ಅಂತ ಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ಅದನ್ನೇ ಮೇಲೆ ಬರೆಯಬೇಕಿತ್ತು! ಸಾವಿರ ಚಂದಾದಾರರು, ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗುವವರೆಗೆ ಜಾಹೀರಾತಿನ ಪಾಲೇ ಇಲ್ಲ. ಆದಮೇಲೆ ನೂರಕ್ಕೆ 55 ನಿಮಗೆ. 10 ಡಾಲರ್ ಆದಾಗ ಗೂಗಲ್ ವಿಳಾಸ ಖಚಿತ ಮಾಡಿಕೊಳ್ಳಲು ಒಂದು ಪಿನ್ ನಂಬರ್ ಅಂಚೆಯಲ್ಲಿ ಕಳಿಸುತ್ತದೆ. ಅದನ್ನು ಇಡೀ ತೋಟಕ್ಕೆ ತೋರಿಸಿದೆ ಅಂದಿದ್ದೀರಿ. ಓದಿ ಖುಷಿಯಾಯಿತು. ಆದರೆ 100 ಡಾಲರ್ ತುಂಬುವ ತನಕ ದುಡ್ಡು ಬ್ಯಾಂಕಿಗೆ ಇಳಿಯುವುದಿಲ್ಲ. ಇದೇ ವೇಗದಲ್ಲಿ ಹೋದರೆ ಇನ್ನೂ ಒಂದೂವರೆ ವರ್ಷಕ್ಕೂ ಜಾಸ್ತಿ ಕಾಯಬೇಕು.

‘ಹೋಗಲಿ, ಓದುಗರೇ ಕೊಡಲಿ’ ಅನ್ನುತ್ತೀರಿ. 11 ಸಾವಿರ ಜನರಲ್ಲಿ ನೂರಕ್ಕಿಬ್ಬರು ತಿಂಗಳಿಗೆ 50 ರೂಪಾಯಿ ಕೊಟ್ಟರು ಅಂತಿಟ್ಟುಕೊಳ್ಳಿ. 220 ಜನ, 11 ಸಾವಿರ ರೂಪಾಯಿ. ನೂರಕ್ಕಿಬ್ಬರು ಅನ್ನುವುದೇ ದೊಡ್ಡ ಆಸೆ. ಇ-ಪುಸ್ತಕದ ದಾರಿಯೂ ಕನ್ನಡಕ್ಕೆ ತಡವಾಗಿಯೇ ತೆರೆಯಿತು. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳನ್ನು ಸೇರಿಸಿಕೊಂಡಾಗ ಅದರಲ್ಲಿ ಕನ್ನಡ ಇರಲಿಲ್ಲ. ಈಗ ಪ್ರತಿಲಿಪಿ ಇದೆ, ಮೈಲ್ಯಾಂಗ್ ಇದೆ. ಪ್ರಯತ್ನ ಮಾಡಿ, ತಪ್ಪಿಲ್ಲ. ಆದರೆ ಅದನ್ನು ನಂಬಿ ರಾಜೀನಾಮೆ ಕೊಡಬೇಡಿ.

ಆ ಎರಡು ಲಕ್ಷದ ಮಾತಿಗೆ ಬರುತ್ತೇನೆ. ಅದು ಹೂಮಳೆ. ಮಾರ್ಚಿನಲ್ಲೋ ಏಪ್ರಿಲ್‌ನಲ್ಲೋ ಒಂದು ಮಳೆ ಬೀಳುತ್ತದೆ, ಎಂಟು-ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಪೇಟೆಯಿಂದ ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ತೋಟದವರು ಮಾತ್ರ ಆಕಾಶ ನೋಡುತ್ತಾ ಕೂತಿರುತ್ತಾರೆ. ಎರಡು-ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬೀಳದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾ? ಲೈನ್ ಮನೆ ಬರಹದ ನಂತರ ನೀವು ಏನು ಹಾಕಿದಿರಿ ಅಂತ ಹುಡುಕಿ ನೋಡಿದೆ. ಐದು ವಾರ ಏನೂ ಇಲ್ಲ. ಆಮೇಲೆ ಒಂದು ಸಿನಿಮಾ ಜಗಳದ ಬಗ್ಗೆ ಅಭಿಪ್ರಾಯ. ಅದನ್ನು ಯಾರು ಬೇಕಾದರೂ ಬರೆಯುತ್ತಾರೆ, ಬರೆಯುತ್ತಲೇ ಇದ್ದಾರೆ.

ನಿಮ್ಮ ಹತ್ತಿರ ಇರುವುದು ಬೇರೆ. ಬೆಳಿಗ್ಗೆ ಎದ್ದು ಮಳೆ ಅಳತೆ ನೋಡಿ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆದಿಡುತ್ತೀರಲ್ಲ, ಆ ಪುಸ್ತಕ. ಹಣ್ಣು ಕುಯ್ಯುವವರು ಎಲ್ಲಿಂದ ಬರುತ್ತಾರೆ, ತೂಕದ ಹೊತ್ತಿಗೆ ಏನು ಜಗಳ ಆಡುತ್ತಾರೆ, ಆನೆ ಬಂದ ಮಾರನೇ ದಿನ ಹಾಜರಿ ಎಷ್ಟಕ್ಕೆ ಇಳಿಯುತ್ತದೆ. ಹಾಸನದಲ್ಲಿ ಕೂತ ನನಗೆ ಇದೆಲ್ಲ ಎಲ್ಲಿ ಸಿಗಬೇಕು? ನೀವು ಕೆಲಸ ಬಿಟ್ಟ ದಿನವೇ ಆ ಪುಸ್ತಕ ಇನ್ನೊಬ್ಬರ ಕೈಗೆ ಹೋಗುತ್ತದೆ. ನಾನು ಬೇಡ ಅನ್ನುವುದಕ್ಕೆ ಮುಖ್ಯ ಕಾರಣ ಇದು. ಸಂಬಳ ಎರಡನೆಯದು.

ಇನ್ನೊಂದು. 11 ಸಾವಿರ ಜನ ನಿಮ್ಮವರು ಅಂದುಕೊಂಡಿದ್ದೀರಿ. ಅವರು ಫೇಸ್‌ಬುಕ್‌ನವರು, ನಿಮ್ಮದು ಬರೀ ಗೇಣಿ. 2020ರ ಜೂನ್ ಕೊನೆಯಲ್ಲಿ ಸರ್ಕಾರ ಟಿಕ್‌ಟಾಕ್ ನಿಲ್ಲಿಸಿತು. ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರಿಗೂ ಬೆಳಗಾಗುವಷ್ಟರಲ್ಲಿ ಏನೂ ಉಳಿಯಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಹುಟ್ಟಿದ, ಟ್ವಿಟರ್ ಥರದ ‘ಕೂ’ ಆ್ಯಪ್, ಕನ್ನಡದವರೂ ಖುಷಿಯಿಂದ ಸೇರಿದ್ದು, 2024ರಲ್ಲಿ ಬಾಗಿಲು ಹಾಕಿತು. ಅದಕ್ಕೇ ಹೇಳುವುದು, ಓದುಗರ ಇಮೇಲನ್ನೋ ವಾಟ್ಸಾಪ್ ನಂಬರನ್ನೋ ಕೇಳಿ ಪಡೆದು ಬರೆದಿಟ್ಟುಕೊಳ್ಳಿ. ಹಾಜರಿ ಪುಸ್ತಕ ಇಡುವವರಿಗೆ ಇದು ಕಷ್ಟವಾಗಬಾರದು. ವಾರಕ್ಕೊಂದು ಬರಹ, ಒಂದೇ ದಿನ, ಒಂದೇ ಹೊತ್ತಿಗೆ ಕಳಿಸಿ. ಮುನ್ನೂರು ಜನ ಸಾಕು. ಒಂದು ವಾರ ತಪ್ಪಿದರೆ ‘ಯಾಕೆ ಬರಲಿಲ್ಲ’ ಅಂತ ಕೇಳುವ ಮುನ್ನೂರು ಜನ.

ಹೋಮ್‌ಸ್ಟೇಯೊಂದು ಎರಡು ದಿನ ಪುಕ್ಕಟೆ ಇರಿಸಿಕೊಂಡು ‘ಚೆನ್ನಾಗಿ ಬರೀರಿ’ ಅಂದಿದೆ, ಒಪ್ಪಿಕೊಳ್ಳಲಾ ಎಂದು ಕೇಳಿದ್ದೀರಿ. ಮುಳ್ಳಯ್ಯನಗಿರಿ ಸುತ್ತಮುತ್ತ ಈಗ ಇದೇ ದೊಡ್ಡ ಸಂಪಾದನೆ, ಗೊತ್ತು. ಒಪ್ಪಿಕೊಳ್ಳುವುದಾದರೆ ‘ಇದು ಜಾಹೀರಾತು’ ಅಂತ ಎದ್ದು ಕಾಣುವ ಹಾಗೆ ಹಾಕಿ. ಪುಕ್ಕಟೆ ರೂಮು, ಊಟ ಪಡೆದಿದ್ದರೂ ಅದನ್ನು ಹೇಳಲೇಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಕೊಟ್ಟಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಬೀಳಬಹುದು. ನನ್ನ ಕೇಳಿದರೆ, ಮಳೆಗಾಲದಲ್ಲಿ ಆ ರೂಮು ಸೋರುತ್ತದಾ ಅಂತ ಬರೆಯುವ ಸ್ವಾತಂತ್ರ್ಯ ಇದ್ದರೆ ಮಾತ್ರ ಹೋಗಿ.

ಅಷ್ಟಾಗಿಯೂ ಕೈಗೆ ನಾಲ್ಕು ಕಾಸು ಬೇಕು, ಅಲ್ವಾ? ನಾನು ನೋಡಿದ ಹಾಗೆ ನಮ್ಮ ಕಡೆ ಬರೆದು ಸಂಪಾದಿಸುವವರು ಹೆಚ್ಚಿನವರು ತಮ್ಮ ಹೆಸರಿಲ್ಲದ ಕೆಲಸ ಮಾಡುತ್ತಾರೆ. ಬೇರೆಯವರ ಚಾನೆಲ್ಲಿಗೆ ಸ್ಕ್ರಿಪ್ಟು, ಅನುವಾದ, ಸಬ್‌ಟೈಟಲ್. ಬೇಸರದ ಕೆಲಸ, ಆದರೆ ದುಡ್ಡು ಬರುತ್ತದೆ. ರೇಟು ಮೊದಲೇ ಮೆಸೇಜಿನಲ್ಲಿ ಬರೆಸಿಕೊಳ್ಳಿ. ನಾನು ಹಿಂದೊಮ್ಮೆ ಒಂದು ವೆಬ್‌ಸೈಟಿಗೆ ಬಾಯಿಮಾತಿನ ಮೇಲೆ 22 ಲೇಖನ ಬರೆದುಕೊಟ್ಟೆ. ಹಣ ಇನ್ನೂ ಬರುವುದಿದೆ.

ಬೇರೆಯವರನ್ನು ದೂರುವ ಮೊದಲು ನಮ್ಮದನ್ನೂ ಹೇಳಬೇಕು. ಈ ಪತ್ರಿಕೆ ಒಂದು ಲೇಖನಕ್ಕೆ ಕೊಡುವುದು 500 ರೂಪಾಯಿ. ಆ ಮಳೆ ಪುಸ್ತಕದಿಂದ ಒಂದು ವರ್ಷ ಆರಿಸಿಕೊಂಡು ಎಂಟುನೂರು ಪದದಲ್ಲಿ ಬರೆದು ಕಳಿಸಿ. ತೋಟದ ಹೆಸರು ಹಾಕುವ ಮುಂಚೆ ಧಣಿಗಳನ್ನು ಒಂದು ಮಾತು ಕೇಳಿ. ಜತೆಗೆ ಫೋನ್‌ಪೇ ನಂಬರ್ ಇರಲಿ, ಅಚ್ಚಾದ ವಾರವೇ ಹಾಕುತ್ತೇನೆ.

– ಸಂಪಾದಕ