ಯಾರಿಗೂ ಸಂಬಳ ಇಲ್ಲದ ಅಗ್ನಿಶಾಮಕ ದಳಕ್ಕೆ ತೆರಿಗೆ ಯಾಕೆ?

ನೀವು ಅಮೆರಿಕದ ಒಂದು ಹಳ್ಳಿಗೆ ಹೊಸದಾಗಿ ಬಂದಿದ್ದೀರಿ. ಅಲ್ಲಿನ ಅಗ್ನಿಶಾಮಕ ದಳದಲ್ಲಿ ಇರೋರೆಲ್ಲ ಸ್ವಯಂಸೇವಕರು. ಈಗ ಅದೇ ದಳ ಹೊಸ ತೆರಿಗೆಗೆ ಮತ ಕೇಳುತ್ತಿದೆ. ಯಾರಿಗೂ ಸಂಬಳ ಕೊಡದಿದ್ದ ಮೇಲೆ ದುಡ್ಡು ಯಾಕೆ ಅಂತ ನನಗೆ ಬರೆದು ಕೇಳಿದ್ದೀರಿ. ಇಂಥದ್ದೇ ಒಂದು ದಳದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಒಂದು ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಪೇಜರ್ ಕೂಗಿತು. ಒಂದು ಮನೆಯ ಅಡುಗೆಮನೆಗೆ ಬೆಂಕಿ. ಹೋಗಿದ್ದು ನಾವು ಮೂರೇ ಜನ. ಮನೆಯವರು ಅಷ್ಟರಲ್ಲಿ ಹೊರಗೆ ಬಂದಿದ್ದರು, ಪುಣ್ಯ. ಒಳಗೆ ನುಗ್ಗಿ ಆರಿಸಬೇಕಾದರೆ ಇಬ್ಬರು ಒಳಗೆ ಹೋಗಬೇಕು, ಇನ್ನಿಬ್ಬರು ಹೊರಗೆ ಸಜ್ಜಾಗಿ ನಿಂತಿರಬೇಕು ಅನ್ನೋದು ನಾವು ಪಾಲಿಸುವ ನಿಯಮ. ಒಳಗೆ ಹೋದವರು ಸಿಕ್ಕಿಬಿದ್ದರೆ ಎಳೆದು ತರೋರು ಬೇಕಲ್ವಾ? ನಮ್ಮಲ್ಲಿ ಒಬ್ಬರಂತೂ ಪಂಪ್ ಬಿಟ್ಟು ಕದಲುವ ಹಾಗಿರಲಿಲ್ಲ. ಹಾಗಾಗಿ ಕಿಟಕಿಯಿಂದಲೇ ನೀರು ಹೊಡೆಯುತ್ತಾ ಉಳಿದವರಿಗಾಗಿ ಕಾದೆವು. ಮಾಸ್ಕಿನ ಗಾಜಿನೊಳಗಿಂದ ನನಗೆ ಕಾಣುತ್ತಿತ್ತು, ಹೊಗೆ ಅಡುಗೆಮನೆ ದಾಟಿ ನಡುಮನೆಯ ಚಾವಣಿಗೆ ಹಬ್ಬುತ್ತಿತ್ತು. ನಮ್ಮ ಬೆನ್ನ ಹಿಂದೆ ನಿಂತಿದ್ದ ಗಾಡಿ ಹೊಚ್ಚ ಹೊಸದು. ಗ್ರಾಂಟಿನಲ್ಲಿ ಬಂದದ್ದು. ಗಾಡಿ ಇತ್ತು, ಜನ ಇರಲಿಲ್ಲ.

ಇದು ನಮ್ಮೊಂದು ಊರಿನ ಕತೆಯಲ್ಲ. 1984ರಲ್ಲಿ ಇಡೀ ಅಮೆರಿಕದಲ್ಲಿ ಸುಮಾರು 9 ಲಕ್ಷ ಸ್ವಯಂಸೇವಕ ಅಗ್ನಿಶಾಮಕರಿದ್ದರು. 2020ರ ಅಂದಾಜಿನಲ್ಲಿ ಅದು ಸುಮಾರು 6 ಲಕ್ಷ 77 ಸಾವಿರಕ್ಕೆ ಇಳಿದಿತ್ತು. ಹಿಂದೆ ಊರಲ್ಲೇ ಹೊಲ, ಊರಲ್ಲೇ ಅಂಗಡಿ. ಈಗ ಕೆಲಸಕ್ಕೆ ಒಂದು ಗಂಟೆ ಕಾರು ಓಡಿಸಿಕೊಂಡು ಹೋಗುತ್ತಾರೆ. ಹಗಲು ಹೊತ್ತಿನಲ್ಲಿ ಊರು ಖಾಲಿ. ಬೆಂಕಿಗಿಂತ ಎದೆನೋವು, ಅಪಘಾತದ ಕರೆಗಳೇ ಜಾಸ್ತಿ. ತರಬೇತಿಯೂ ಕಡಿಮೆ ಏನಲ್ಲ, ಮೊದಲ ಹಂತಕ್ಕೇ ಎಷ್ಟೋ ಕಡೆ ನೂರು ಗಂಟೆ ದಾಟುತ್ತದೆ.

ಈಗ ದುಡ್ಡಿನ ವಿಷಯ. ಬೆಂಕಿಗೆ ಹಾಕಿಕೊಂಡು ಹೋಗುವ ಕೋಟು, ಪ್ಯಾಂಟನ್ನು ತಯಾರಾದ ಹತ್ತು ವರ್ಷಕ್ಕೆ ತೆಗೆದುಹಾಕಬೇಕು, ನೋಡೋಕೆ ಎಷ್ಟೇ ಚೆನ್ನಾಗಿದ್ದರೂ. ಬೆನ್ನಿಗೆ ಹಾಕುವ ಗಾಳಿ ಸಿಲಿಂಡರಿಗೆ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ, ಹದಿನೈದು ವರ್ಷಕ್ಕೆ ಅದರ ಆಯಸ್ಸೇ ಮುಗಿಯುತ್ತದೆ. ಪಂಪಿಗೆ ವರ್ಷವರ್ಷ ಪರೀಕ್ಷೆ. ಇದರ ಮೇಲೆ ಡೀಸೆಲ್, ವಿಮೆ, ಚಳಿಗಾಲದಲ್ಲಿ ಟ್ಯಾಂಕರಿನ ನೀರು ಹೆಪ್ಪುಗಟ್ಟದ ಹಾಗೆ ಸ್ಟೇಷನ್ ಬೆಚ್ಚಗಿಡುವ ಖರ್ಚು. ಗ್ರಾಂಟ್ ಇಲ್ಲ ಅಂತಲ್ಲ. ಅಗ್ನಿಶಾಮಕ ದಳಗಳಿಗೆ ಫೆಡರಲ್ ಸರ್ಕಾರ ಕೊಡುವ ಎಎಫ್‌ಜಿ ಅನ್ನುವ ಗ್ರಾಂಟಿನಲ್ಲಿ 20 ಸಾವಿರದೊಳಗಿನ ಜನಸಂಖ್ಯೆಯ ಊರು ಗ್ರಾಂಟ್ ಮೊತ್ತದ ಶೇ. 5ರಷ್ಟನ್ನು ತನ್ನ ಕೈಯಿಂದ ಹಾಕಿದರೆ ಸಾಕು. ಆದರೆ ಅದು ಸಿಕ್ಕರೆ ಸಿಕ್ಕಿತು. ಸಿಕ್ಕಿದರೂ ಗಾಡಿ, ಸಲಕರಣೆಗೆ ಆಗುತ್ತದೆಯೇ ಹೊರತು ಮುಂದಿನ ತಿಂಗಳ ಡೀಸೆಲ್ಲಿಗೆ ಆಗೋದಿಲ್ಲ.

ಆ ಕೊರತೆ ತುಂಬೋದು ಯಾರು ಗೊತ್ತಾ? ಅದೇ ಸ್ವಯಂಸೇವಕರು. ದುಡ್ಡು ಕೂಡಿಸೋಕೆ ಭಾನುವಾರ ಬೆಳಗ್ಗೆ ನಾಲ್ಕಕ್ಕೆ ಎದ್ದು ಊರಿಗೆಲ್ಲ ಪ್ಯಾನ್‌ಕೇಕ್ ಮಾಡಿ ಬಡಿಸುತ್ತೇವೆ. ಊರವರು ಬಂದು ಕೂತು ಮಾತಾಡಿ ಹೋಗುತ್ತಾರೆ, ಅದು ನನಗೆ ನಿಜಕ್ಕೂ ಇಷ್ಟ. ಆದರೆ ಹಿಂದಿನ ರಾತ್ರಿ ಎರಡು ಗಂಟೆಗೆ ಅಪಘಾತದ ಕರೆಗೆ ಹೋಗಿ ಬಂದವರೇ ಬೆಳಗ್ಗೆ ಹಿಟ್ಟು ಕಲಸುತ್ತಾ ನಿಂತಿರುತ್ತಾರೆ. ಚಿಕ್ಕ ಮಕ್ಕಳಿರುವವರು ಇದನ್ನು ಎಷ್ಟು ದಿನ ಮಾಡಿಯಾರು? ನಮ್ಮ ದಳ ಬಿಟ್ಟು ಹೋದವರಲ್ಲಿ ಬೆಂಕಿಗೆ ಹೆದರಿ ಹೋದವರನ್ನು ನಾನು ನೋಡಿಲ್ಲ. ಈ ಸುಸ್ತಿಗೆ ಹೋದವರನ್ನು ನೋಡಿದ್ದೇನೆ. ತೆರಿಗೆ ಬೇಕು ಅನ್ನೋದು ಇದಕ್ಕೇ. ಅದು ಆ ಜನರ ಭಾನುವಾರಗಳನ್ನು ವಾಪಸ್ ಕೊಡುತ್ತದೆ. ಎಷ್ಟೋ ಊರುಗಳಲ್ಲಿ ಇಂಥ ದುಡ್ಡಿನಿಂದಲೇ ಹಗಲಿಗೆ ಮಾತ್ರ ಒಬ್ಬಿಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಾರೆ. ಆ ಮಂಗಳವಾರ ನಮಗೆ ಬೇಕಾಗಿದ್ದದ್ದೂ ಅಷ್ಟೇ.

ನಿಮ್ಮ ಲೆಕ್ಕಕ್ಕೆ ಇನ್ನೊಂದು. ಐಎಸ್‌ಒ (ಇನ್ಶೂರೆನ್ಸ್ ಸರ್ವಿಸಸ್ ಆಫೀಸ್) ಅನ್ನುವ ಸಂಸ್ಥೆ ಊರುಗಳ ಅಗ್ನಿರಕ್ಷಣೆಗೆ 1ರಿಂದ 10ರವರೆಗೆ ದರ್ಜೆ ಕೊಡುತ್ತದೆ. 10 ಅಂದರೆ ರಕ್ಷಣೆ ಇಲ್ಲ ಅಂತಲೇ ಲೆಕ್ಕ. ಸ್ಟೇಷನ್ನಿನಿಂದ ರಸ್ತೆಯಲ್ಲಿ 5 ಮೈಲಿಗಿಂತ ದೂರದ ಮನೆಗಳು ಸಾಮಾನ್ಯವಾಗಿ ಅಲ್ಲಿಗೇ ಬೀಳುತ್ತವೆ. ಎಷ್ಟೋ ವಿಮಾ ಕಂಪನಿಗಳು ಈ ದರ್ಜೆ ನೋಡಿಯೇ ಮನೆ ವಿಮೆಯ ಕಂತು ಎಷ್ಟು ಅಂತ ನಿಗದಿ ಮಾಡುತ್ತವೆ. ನಿಮ್ಮೂರ ಸ್ಟೇಷನ್ ಮುಚ್ಚಿದರೆ ಕಂತು ಎಷ್ಟಾಗುತ್ತೆ ಅಂತ ನಿಮ್ಮ ಏಜೆಂಟನ್ನೇ ಕೇಳಿ, ತೆರಿಗೆಯ ಪಕ್ಕ ಇಟ್ಟು ನೋಡಿ.

ಹಾಗಂತ ಸುಮ್ನೆ ಹೋಗಿ ಮತ ಹಾಕಿ ಅನ್ನೋದಿಲ್ಲ. ಬಜೆಟ್ ತೋರಿಸಿ ಅಂತ ಕೇಳಿ. ಹಗಲಲ್ಲಿ ಎಷ್ಟು ಜನ ಬರುತ್ತಾರೆ, ಈ ದುಡ್ಡು ಬಂದರೆ ಅದು ಹೇಗೆ ಹೆಚ್ಚುತ್ತದೆ ಅಂತ ಕೇಳಿ. ಬರೀ ಹೊಸ ಗಾಡಿಯ ಮಾತಾಡಿದರೆ ನಾನಾದರೆ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದೆ.

ಮನೆಯಿಂದಲೇ ಕೆಲಸ ಮಾಡ್ತೀರಿ ಅಂತ ಬರೆದಿದ್ದೀರಿ. ಅಂದರೆ ಹಗಲು ಊರಲ್ಲೇ ಇರ್ತೀರಿ, ಅಲ್ವಾ? ಹೆಚ್ಚಿನ ದಳಗಳು ವಾರದಲ್ಲಿ ಒಂದು ಸಂಜೆ ಡ್ರಿಲ್ ಮಾಡುತ್ತವೆ, ಒಂದು ಸಲ ಹೋಗಿ ನೋಡಿ. ಬೆಂಕಿಯೊಳಗೆ ಹೋಗಲೇಬೇಕು ಅಂತೇನಿಲ್ಲ. ಲೆಕ್ಕಪತ್ರ ನೋಡೋರು, ಗ್ರಾಂಟಿಗೆ ಅರ್ಜಿ ಬರೆಯೋರು, ರಸ್ತೆಯಲ್ಲಿ ನಿಂತು ವಾಹನ ತಡೆಯೋರು, ಎಲ್ಲರೂ ಬೇಕು. ನಮ್ಮ ದಳದಲ್ಲಿ ಅರ್ಜಿ ಬರೆಯುವವರು ನಿವೃತ್ತ ಟೀಚರ್ ಒಬ್ಬರು. ಆ ಹೊಸ ಗಾಡಿ ಬಂದದ್ದು ಅವರಿಂದಲೇ.