ಕೇಳಿದ್ದಕ್ಕೆ ಹೇಳಿದ್ದು: ಮಂಗಳದಲ್ಲಿ ಹುಡುಗ, ಕ್ಯಾಂಪಿನಲ್ಲಿ ಹುಡುಗಿ

ಪ್ರಶ್ನೆ: ಅಕ್ಕಾವರೇ, ನಾನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಕ್ರಿಸ್‌ಮಸ್ ಹೊತ್ತಿನಲ್ಲಿ ನಡೆಯುವ ವೈಜ್ಞಾನಿಕ ಪ್ರೇಮಕಥೆಯೊಂದನ್ನು ಬರೆಯುತ್ತಿದ್ದೇನೆ. ಹುಡುಗಿ ನಮ್ಮ ಬೆಳಗಾವಿಯ ಕ್ಯಾಂಪ್ ಪ್ರದೇಶದವಳು, ಹುಡುಗ ಮಂಗಳ ಗ್ರಹದ ನೆಲೆಯಲ್ಲಿ ಎಂಜಿನಿಯರ್. ದಿನವೂ ವಿಡಿಯೊ ಕರೆಯಲ್ಲಿ ಮಾತನಾಡುತ್ತಾರೆ. ಹಿಮ ಬೀಳದ ಕ್ರಿಸ್‌ಮಸ್ ಸಪ್ಪೆ ಎನ್ನುತ್ತಾಳೆ ಗೆಳತಿ. ಏನು ಮಾಡಲಿ?
— ಓದುಗಿ, ಶಹಾಪುರ, ಬೆಳಗಾವಿ

ಉತ್ತರ: ಹಿಮವನ್ನು ಬಿಡು ತಂಗಿ. ಡಿಸೆಂಬರ್ ಕೊನೆಯ ಬೆಳಗಿನ ಮಂಜು, ಬಾಗಿಲಿಗೆ ತೂಗುವ ನಕ್ಷತ್ರದ ಗೂಡುದೀಪ, ವರಾಂಡದ ಗೋದಲಿ, ಅಡುಗೆಮನೆಯಲ್ಲಿ ಕರಿಯುತ್ತಿರುವ ಕುಲ್‌ಕುಲ್, ನಡುರಾತ್ರಿಯ ಬಲಿಪೂಜೆಗೆ ಸ್ವೆಟರ್ ತೊಟ್ಟು ಫಾತಿಮಾ ಕೆಥೆಡ್ರಲ್ ಕಡೆಗೆ ನಡೆಯುವ ಕುಟುಂಬಗಳು. ಇಷ್ಟೆಲ್ಲ ಕಣ್ಣೆದುರಿಗೆ ಇರುವಾಗ ಹಿಮ ಯಾರಿಗೆ ಬೇಕು?

ನನ್ನ ತಕರಾರು ಇರುವುದು ಆ ವಿಡಿಯೊ ಕರೆಯ ಬಗ್ಗೆ. ಮಂಗಳ ತೀರಾ ಹತ್ತಿರ ಬಂದಾಗಲೂ ಅಲ್ಲಿಂದ ಸಂದೇಶ ಬರಲು ಸುಮಾರು 3 ನಿಮಿಷ ಬೇಕು. ತೀರಾ ದೂರ ಹೋದಾಗ ಸುಮಾರು 22. ಇವಳು ‘ಊಟವಾಯಿತೇ’ ಎಂದು ಕೇಳಿದರೆ ಅವನ ‘ಆಯಿತು’ ಕಿವಿಗೆ ಬೀಳುವಷ್ಟರಲ್ಲಿ ಮುಕ್ಕಾಲು ಗಂಟೆಯೇ ಕಳೆದಿರಬಹುದು. ಇದನ್ನು ತೊಡಕೆಂದು ಬಗೆದು ಅಳಿಸಿಹಾಕಿದ್ದೀಯೆ. ನಿನ್ನ ಕಥೆ ಇರುವುದೇ ಅಲ್ಲಿ! ಇವಳು ಪೂಜೆಗೆ ಹೊರಡುವ ಮುನ್ನ ಅವನು ಮದುವೆಯ ಮಾತು ಕಳಿಸಲಿ. ಅದು ಬರುವಾಗ ಇವಳು ಬೆಂಚಿನಲ್ಲಿ ಕುಳಿತಿರಲಿ, ಮೊಬೈಲ್ ಅಮ್ಮನ ಚೀಲದಲ್ಲಿರಲಿ. ಉತ್ತರ ಬಾರದ ಪ್ರತಿ ನಿಮಿಷವನ್ನೂ ಅವನು ಅಲ್ಲಿ ತಪ್ಪಾಗಿ ಓದಿಕೊಳ್ಳಲಿ.

ಇನ್ನೊಂದು ಸಂಗತಿ. ಮಂಗಳದ ಒಂದು ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ಉದ್ದ. ಹಾಗಾಗಿ ಅವನ ನಡುರಾತ್ರಿ ದಿನದಿನಕ್ಕೂ ಹಿಂದೆ ಬೀಳುತ್ತದೆ. ಇಬ್ಬರ ನಡುರಾತ್ರಿಗಳೂ ಕೂಡುವುದು ಸುಮಾರು 37 ದಿನಕ್ಕೊಮ್ಮೆ. ಆ ಕೂಡುವಿಕೆ ಡಿಸೆಂಬರ್ 24ರ ರಾತ್ರಿಯೇ ಬೀಳುವ ವರ್ಷವನ್ನು ಕಥೆಗೆ ಆರಿಸಿಕೊ. ಅಥವಾ ಇದಕ್ಕಿಂತ ಕಟುವಾದದ್ದು ಬೇಕೆ? 26 ತಿಂಗಳಿಗೊಮ್ಮೆ ಮಂಗಳ ಸೂರ್ಯನ ಆಚೆ ಸರಿಯುತ್ತದೆ. ಆಗ ಎರಡು ವಾರದ ಮಟ್ಟಿಗೆ ಭೂಮಿಯಿಂದ ಅಲ್ಲಿನ ನೌಕೆಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಹಬ್ಬದ ವಾರವೇ ಆ ಮೌನ ಬಿದ್ದರೆ ಖಳನಾಯಕನ ಖರ್ಚು ಉಳಿಯಿತು.

ಗ್ರಂಥಾಲಯದ ಕೌಂಟರಿನಲ್ಲಿ ಕುಳಿತು ಪ್ರೇಮಕಾದಂಬರಿಗಳನ್ನು ವಾಪಸು ಪಡೆಯುತ್ತಿದ್ದ ಕಾಲದಲ್ಲಿ, ಓದುಗರು ಮೂಲೆ ಮಡಿಸಿದ ಪುಟಗಳನ್ನು ಕದ್ದು ನೋಡುವ ಚಾಳಿ ನನಗಿತ್ತು. ಹೆಚ್ಚಿನವು ಅಪ್ಪುಗೆಯ ಪುಟಗಳಲ್ಲ, ಯಾರೋ ಯಾರಿಗೋ ಕಾಯುವ ಪುಟಗಳು.

ಪ್ರಶ್ನೆ: ಅಕ್ಕಾವರೇ, ವರ್ಷದ ಕೊನೆಗೆ ಸುಡುವ ‘ಓಲ್ಡ್ ಮ್ಯಾನ್’ ಬೊಂಬೆಗೆ ಕ್ರಿಸ್‌ಮಸ್ ರಾತ್ರಿ ಜೀವ ಬಂದು, ಅದನ್ನು ಕಟ್ಟಿದ ಹುಡುಗಿಯ ಮೇಲೆ ಪ್ರೀತಿ ಹುಟ್ಟುತ್ತದೆ. ಕೊನೆಗೆ ದೇವದೂತ ಬಂದು ಅವನನ್ನು ಮನುಷ್ಯನನ್ನಾಗಿ ಮಾಡುತ್ತಾನೆ. ಕಥೆ ಸರಿಯಿದೆಯೇ?
— ಓದುಗ, ಖಾನಾಪುರ

ಉತ್ತರ: ಮೊದಲರ್ಧಕ್ಕೆ ಶಹಬ್ಬಾಸ್ ತಮ್ಮಾ, ದೇವದೂತನಿಗೆ ಬೀಳ್ಕೊಡುಗೆ. 25ಕ್ಕೆ ಉಸಿರು, 31ರ ನಡುರಾತ್ರಿಗೆ ಬೆಂಕಿ: ಇಂಥ ಗಡುವು ನಮ್ಮ ಊರಿನ ಬೀದಿಯಲ್ಲೇ ಬಿದ್ದಿರುವಾಗ ಅದನ್ನು ಪುಕ್ಕಟೆ ಪವಾಡದಿಂದ ಕೆಡಿಸಬೇಡ. ಮಾಯೆಗೆ ಒಂದು ನಿಯಮ ಹಾಕು. ಅವನ ಮೈ ಹುಲ್ಲಿನದು, ಹೊಟ್ಟೆಯಲ್ಲಿ ಪಟಾಕಿ. ಚಳಿಗೆ ಅವಳು ಬೆಂಕಿ ಕಾಯಿಸಿಕೊಳ್ಳುವಲ್ಲಿಗೆ ಅವನು ಬರಲಾರ. ಬೊಂಬೆಗೆ ತೊಡಿಸಿದ ಹಳೆಯ ಅಂಗಿ ಯಾರದು ಎನ್ನುವುದೂ ಮುಖ್ಯ; ತೀರಿಹೋದ ಅಜ್ಜನದಾದರೆ ಅಂಗಿಗೂ ನೆನಪುಗಳಿರಲಿ. ಅವನು ಉಳಿಯಬೇಕಾದರೆ ಹಳೆಯ ವರ್ಷವೂ ಉಳಿಯಬೇಕು, ಊರಿನಲ್ಲಿ ಯಾರಿಗೂ ಜನವರಿ ಬರಕೂಡದು ಎಂದಿಟ್ಟುಕೊ. ಆಗ ಹುಡುಗಿ ಏನು ಮಾಡುತ್ತಾಳೆ? ಅದನ್ನು ನನಗೆ ಹೇಳಬೇಡ, ಬರೆದು ಕಳಿಸು.

ಪ್ರಶ್ನೆ: ಪವಿತ್ರ ಹಬ್ಬದ ಕಥೆಯಲ್ಲಿ ದೆವ್ವ, ಮಾಂತ್ರಿಕರು ಬಂದರೆ ಅಪಚಾರವಲ್ಲವೇ?
— ನಿವೃತ್ತ ಶಿಕ್ಷಕರು, ಗೋಕಾಕ

ಉತ್ತರ: ಅವರು ಬಂದು ಬಹಳ ಕಾಲವಾಯಿತು ಸರ್. 1816ರಲ್ಲಿ ಜರ್ಮನಿಯ ಕಥೆಗಾರ ಹಾಫ್‌ಮನ್ ಕ್ರಿಸ್‌ಮಸ್ ಉಡುಗೊರೆಯ ಬೊಂಬೆಯೊಂದನ್ನು ಶಾಪಗ್ರಸ್ತ ತರುಣನನ್ನಾಗಿಸಿ, ಪುಟ್ಟ ಹುಡುಗಿಯ ಒಲವಿನಿಂದ ಬಿಡುಗಡೆ ಮಾಡಿಸಿದ. 1843ರಲ್ಲಿ ಡಿಕನ್ಸ್ ತನ್ನ ಜಿಪುಣನ ಮನೆಗೆ ದೆವ್ವಗಳನ್ನೇ ಕಳಿಸಿದ. ಹಬ್ಬಕ್ಕೆ ಏನೂ ಆಗಲಿಲ್ಲ.

ಪ್ರಶ್ನೆ: ವಿದೇಶಿ ಕಥೆಗಳಲ್ಲಿ ಮಿಸಲ್‌ಟೋ ಎಂಬ ಗಿಡದ ಕೆಳಗೆ ಪ್ರೇಮಿಗಳು ಮುತ್ತಿಡುತ್ತಾರೆ. ನಮ್ಮ ಕಡೆ ಏನು ಬಳಸಲಿ?
— ಓದುಗ, ಬೈಲಹೊಂಗಲ

ಉತ್ತರ: ಅದೂ ಮರದ ರಸ ಹೀರುವ ಜಾತಿಯದೇ, ನಮ್ಮ ಮಾವಿನ ಮರಗಳಿಗೆ ಹತ್ತುವ ಬಂದಳಿಕೆಯ ಬಳಗ. ಧಾರಾಳವಾಗಿ ಬಳಸು. ಆದರೆ ತೋಟದ ಯಜಮಾನ ಅದನ್ನು ಕತ್ತರಿಸಲು ಕುಡಗೋಲು ಹಿಡಿದು ಬರುವ ಹೊತ್ತನ್ನು ಮೊದಲೇ ಗೊತ್ತು ಮಾಡಿಕೊಂಡು ಪ್ರೇಮಿಗಳನ್ನು ನಿಲ್ಲಿಸು.